ಹತ್ತು ಮೊಳದ ತಂತಿ

"ಗಂಡ ಮಾತು ಕೇಳಲಿ ಅಂತ ಬೇರೆ ಹೆಂಗಸರು ಗದರ್ತಾರೆ, ಇವಳು ತಂತೀಲಿ ಕಟ್ಟಿಹಾಕಿದಾಳೆ" ಎಂದು ಕೆಳಮನೆಯಾಕೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಎದುರುಮನೆಯವರು, "ಕಟ್ಟಿದವರು ಯಾರು, ಕಟ್ಟಿಸ್ಕೊಂಡವರು ಯಾರು ಅಂತ ನೋಡಿದ್ರೆ ಗೊತ್ತಾಗಲ್ಲ ಬಿಡಿ" ಎನ್ನುತ್ತಿದ್ದರು. ಇಬ್ಬರ ಮಾತೂ ಸುಳ್ಳಲ್ಲ. ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯಲ್ಲಿ ಆಕೆಯ ಕೊರಳಪಟ್ಟಿಗೆ ಕಡಲೆಕಾಳಿನಷ್ಟು ಮೈಕು, ಅದರಿಂದ ಹತ್ತು ಮೊಳದ ಕರೀ ತಂತಿ, ತಂತಿಯ ಆ ತುದಿಗೆ ಗಂಡನ ಜೇಬಿನಲ್ಲೊಂದು ತಗಡಿನ ಡಬ್ಬಿ, ಡಬ್ಬಿಯಿಂದ ಆತನ ಕಿವಿಗಳಿಗೆ ಹೆಡ್‌ಫೋನ್. ಆಕೆ ಅಡುಗೆಮನೆಗೆ ಹೋದರೆ ಆತ ಬಾಗಿಲ ತನಕ ಹೋಗಬೇಕು. ಆತ ಬೀದಿ ನೋಡಲು ಕಿಟಕಿಗೆ ಬಂದರೆ ಆಕೆ ಈರುಳ್ಳಿ, ಚಾಕು ಹಿಡಿದುಕೊಂಡೇ ಹಿಂದೆ ಬರಬೇಕು. ಬೀದಿಯವರು ಆಕೆಗೆ ತಂತಿಯಮ್ಮ ಎಂದು ಹೆಸರಿಟ್ಟಿದ್ದರು. ಆಕೆ ಬೇಸರಪಟ್ಟುಕೊಳ್ಳಲಿಲ್ಲ. "ಇದ್ದದ್ದನ್ನೇ ಅಂತಾರೆ" ಎನ್ನುತ್ತಿದ್ದಳು, ಅಷ್ಟೆ.

ತಂತಿಯಮ್ಮ ಇಪ್ಪತ್ತಾರು ವರ್ಷ ರೇಡಿಯೋ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದವಳು. ಉದ್ದನೆಯ ಮೇಜು, ಸಾಲಾಗಿ ಹದಿನೆಂಟು ಹೆಂಗಸರು, ಕಿಟಕಿಯ ಪಕ್ಕದ ಕುರ್ಚಿ ಆಕೆಯದು. ಕೆಲಸ ಮಾಡುವಾಗ ಮೂಗಿನಲ್ಲೇ ಏನೋ ಒಂದು ರಾಗ ಗುನುಗುವುದು ಅಲ್ಲಿ ಹತ್ತಿದ ಚಾಳಿ. ಗಂಡನನ್ನು ಕಂಡದ್ದೂ ಅಲ್ಲಿಯೇ. ಕೆಲಸದವರಿಗೆಲ್ಲ ನೀಲಿ ಕೋಟು ಹೊಲಿಸಬೇಕೆಂದು ಕರೆಸಿದ್ದ ಟೈಲರ್ ಆತ. ಪಕ್ಕದವಳ ತೋಳಿನ ಅಳತೆಯನ್ನು ಒಂದು ಸಲಕ್ಕೇ ಬರೆದುಕೊಂಡವನು ಈಕೆಯದನ್ನು ಮೂರು ಸಲ ತೆಗೆದ.

"ಏನ್ರೀ, ನನಗೇನು ಮೂರು ತೋಳಿದೆಯಾ?" ಎಂದು ಕೇಳಿದಳು.

"ಎರಡು ತೋಳೂ ಒಂದೇ ಅಳತೆ ಇರಲ್ಲ, ಕೂತ್ಕೋತಿಲ್ಲ" ಎಂದ ಆತ, ಕಿವಿಯವರೆಗೂ ಕೆಂಪಾಗಿ.

ಆ ಕೋಟು ಎಷ್ಟು ಸರಿಯಾಗಿ ಕೂತಿತೆಂದರೆ, ಆಕೆ ಕೋಟು ಹೊಲಿದವನನ್ನೂ ಉಳಿಸಿಕೊಂಡಳು.

ವಯಸ್ಸು ಅರವತ್ತು ದಾಟಿದ ಮೇಲೆ ಆತನ ಕಿವಿ ಮಂದವಾಗತೊಡಗಿತು. ಕಿವಿಯ ಡಾಕ್ಟರು ಕೊಟ್ಟ ಪುಟ್ಟ ಯಂತ್ರ ಸಿಳ್ಳೆ ಹೊಡೆಯುತ್ತಿತ್ತು. "ಈ ವಯಸ್ಸಲ್ಲಿ ದಿನವಿಡೀ ಸಿಳ್ಳೆ ಹೊಡೆಸ್ಕೊಂಡು ತಿರುಗಲಾ?" ಎಂದು ಆತ ಅದನ್ನು ದಾರದುಂಡೆಗಳ ನಡುವೆ ಹೂತುಬಿಟ್ಟ. ಡಾಕ್ಟರು ಆಕೆಯನ್ನು ಪಕ್ಕಕ್ಕೆ ಕರೆದು, "ವರ್ಷ ವರ್ಷ ಇನ್ನೂ ಕಮ್ಮಿ ಆಗುತ್ತಮ್ಮ. ಇರೋವಷ್ಟನ್ನ ಉಪಯೋಗಿಸ್ಕೊಳ್ಳಿ" ಎಂದಿದ್ದರು. ಆ ಮಾತು ಆಕೆಯ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಮನೆಯಲ್ಲಿ ಮಾತಾಡಲು ಬೇರೆ ಯಾರೂ ಇರಲಿಲ್ಲ. ಇದ್ದಿದ್ದರೂ ಆಕೆಗೆ ಬೇಕಾಗಿದ್ದ ಕಿವಿ ಅದೊಂದೇ.

ಮರುದಿನವೇ ಬೆಸುಗೆ ಕಡ್ಡಿ ಕಾಯಿತು. ಗಂಡನ ಗುಂಡಿ ಡಬ್ಬಿಯನ್ನು ಖಾಲಿ ಮಾಡಿ, ಅದರೊಳಗೆ ಸದ್ದು ಹಿಗ್ಗಿಸುವ ಪುಟ್ಟ ಆಂಪ್ಲಿಫೈಯರ್ ಕೂರಿಸಿದಳು. ಆತನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಮೈಕು ಬಾಯಿಗೆ ಹಿಡಿದು, "ಹೇಗಿದೆ?" ಎಂದಳು.

"ಚೆನ್ನಾಗಿದೆ ಕಣೇ!"

ಆದರೆ ಆಕೆ ತನ್ನ ಕಿವಿಗೆ ಇಟ್ಟುಕೊಂಡು ನೋಡಿದಾಗ ಮಾತಿನ ಹಿಂದೆ ಬಾಣಲೆಯಲ್ಲಿ ಎಣ್ಣೆ ಕಾದಂತೆ ಸುಂಯ್ ಎನ್ನುವ ಸದ್ದಿತ್ತು. ಬಿಡುವುದುಂಟೇ! ಎಂಟು ಕಾಲಿನ ಹಳೆಯ ಚಿಪ್ ಕಿತ್ತು, ಸದ್ದಿಲ್ಲದೆ ಕೆಲಸ ಮಾಡುವ ಹೊಸದನ್ನು ತರಿಸಿದಳು. "ಹೇಗಿದೆ?" "ಆಹಾ, ಚೆನ್ನಾಗಿದೆ!" ಹಳೆಯ ಕೆಪಾಸಿಟರ್‌ಗಳ ಜಾಗಕ್ಕೆ ಒಳ್ಳೆಯವು ಬಂದವು. "ಇನ್ನೂ ಚೆನ್ನಾಗಿದೆ!" ವಾಲ್ಯೂಮ್ ತಿರುಗಿಸುವಾಗ ಕರಕರ ಎನ್ನುತ್ತಿದ್ದ ಗುಂಡಿ ಹೋಗಿ ಬೆಣ್ಣೆಯಂತೆ ತಿರುಗುವುದು ಬಂತು. ಆಗ ಆತ ಕಣ್ಣು ಮುಚ್ಚಿ ತಲೆದೂಗಿದ. ಏಳೆಂಟು ತಿಂಗಳು ಹೀಗೇ ನಡೆಯಿತು. ಆಕೆಯ ಕಿವಿಗೆ ಈಗ ಆ ಡಬ್ಬಿಯಲ್ಲಿ ಒಂದಿಷ್ಟೂ ಸುಂಯ್ ಇರಲಿಲ್ಲ. ಆದರೂ ಆಕೆ ಪಕ್ಕದಿಂದ ಕರೆದರೆ ಆತ ತಿರುಗಿ ನೋಡುತ್ತಿರಲಿಲ್ಲ. ಕಾಲು ಗಂಟೆ ಮಾತಾಡಿದರೆ ಅವಳಿಗಿಂತ ಮೊದಲು ಆತ ಸುಸ್ತಾಗುತ್ತಿದ್ದ.

ಒಂದು ಬೆಳಿಗ್ಗೆ ಆಕೆ ಇನ್ನೂ ಒಳ್ಳೆಯದೆಂದು ಹೆಸರಾದ ಇನ್ನೊಂದು ಚಿಪ್ ಹಾಕಲು ಕೂತಿದ್ದಳು. ಹಳೆಯದನ್ನು ಕಿತ್ತಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತು. ಓಡಿಹೋಗಿ ಇಳಿಸಿ ಬಂದವಳೇ ಡಬ್ಬಿಯ ಮುಚ್ಚಳ ಹಾಕಿ, ಹೆಡ್‌ಫೋನ್ ಆತನ ತಲೆಗೆ ಸಿಕ್ಕಿಸಿದಳು.

"ಹೇಗಿದೆ?"

"ಅಬ್ಬಬ್ಬಾ! ಇವತ್ತು ನೋಡು, ಎಷ್ಟು ಸ್ಪಷ್ಟ! ಗಾಜು ಒರೆಸಿದ ಹಾಗಿದೆ!"

ಹಿಗ್ಗುತ್ತಾ ಮೇಜಿನ ಬಳಿಗೆ ಹೋದಳು. ಹೊಸ ಚಿಪ್ ಬಸಿಯಲ್ಲಿ ಎಂಟೂ ಕಾಲು ಮೇಲೆ ಮಾಡಿಕೊಂಡು ಬಿದ್ದಿತ್ತು. ಪಕ್ಕದಲ್ಲೇ ಹಳೆಯದು. ಡಬ್ಬಿಯೊಳಗೆ ಚಿಪ್ ಕೂರುವ ಸಾಕೆಟ್ ಖಾಲಿ. ಅದರಿಂದ ಸೂಜಿ ಬಿದ್ದಷ್ಟು ಸದ್ದೂ ಹೊರಡುವ ಹಾಗಿರಲಿಲ್ಲ.

ಆಕೆ ಆ ಚಿಪ್ಪನ್ನು ಅಂಗೈಯಲ್ಲಿಟ್ಟು ಗಂಡನ ಮೂಗಿನ ಕೆಳಗೆ ಹಿಡಿದಳು. ಆತ ಅದನ್ನು ನೋಡಿದ, ಆಕೆಯ ಮುಖ ನೋಡಿದ, ಹೆಡ್‌ಫೋನನ್ನು ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡ.

ಎರಡು ದಿನ ಆಕೆ ಮಾತು ಬಿಟ್ಟಳು. ಕಿವಿ ಕೇಳದವನೊಂದಿಗೆ ಮಾತು ಬಿಟ್ಟರೆ ಅವನಿಗೇನು ಗೊತ್ತಾದೀತು ಎನ್ನಬೇಡಿ. ಆಕೆ ಮುಖವನ್ನೂ ಗೋಡೆಗೆ ತಿರುಗಿಸಿಕೊಂಡು ಓಡಾಡಿದಳು. ಇಷ್ಟು ದಿನ ಆತ ಕೇಳುತ್ತಿದ್ದುದೆಲ್ಲ ಆ ಮುಖದಿಂದ, ತುಟಿಗಳ ಅಲುಗಾಟದಿಂದಲೇ. ಮೂರನೆಯ ದಿನ ಆತ ಎದ್ದು ಬಂದು ಆಕೆಗೂ ಗೋಡೆಗೂ ನಡುವೆ ನಿಂತ.

"ನೀನು ಅಷ್ಟು ಆಸೆಯಿಂದ ಕೇಳ್ತೀಯ. ಚೆನ್ನಾಗಿಲ್ಲ ಅಂತ ಹೇಗೆ ಹೇಳ್ಲಿ?"

"ಮತ್ತೆ ಇಷ್ಟು ದಿನ ನಾನು ಮಾತಾಡಿದ್ದೆಲ್ಲ?"

"ಮಾತಿನ ನಡುಭಾಗ ಕೇಳುತ್ತೆ, ಅಂಚು ಕೇಳಲ್ಲ. ಹೊಲಿಗೆ ಬಿಚ್ಚಿದ ಬಟ್ಟೆ ತರ ಒಂದಕ್ಕೊಂದು ಸೇರಲ್ಲ."

"ಸುಂಯ್ ಅನ್ನೋದು ಹೋಯ್ತಲ್ಲ, ಅದು?"

"ಯಾವ ಸುಂಯ್?" ಎಂದ ಆತ. "ಅದು ನನಗೆ ಯಾವತ್ತೂ ಕೇಳಿಸ್ಲೇ ಇಲ್ವಲ್ಲೇ."

ಆಕೆ ಪೆಚ್ಚಾಗಿ ಕೂತುಬಿಟ್ಟಳು. ಆತನಿಗೆ ಕೇಳಿಸದ ಸದ್ದೊಂದನ್ನು ತಿಂಗಳಾನುಗಟ್ಟಲೆ ತಿಕ್ಕಿ ತಿಕ್ಕಿ ತೆಗೆದಿದ್ದಳು!

ಆತ ಎದುರಿಗೆ ಕುರ್ಚಿ ಎಳೆದುಕೊಂಡು, "ಒಂದು ಮಾತು ಹೇಳ್ತೀನಿ, ಸಿಟ್ಟಾಗ್ಬೇಡ. ನೀನು ಕೋಟು ಚೆನ್ನಾಗೇ ಹೊಲಿದೆ. ಆದ್ರೆ ಪ್ರತಿ ಸಲ ನಿನ್ನ ಮೈಗೇ ಹಾಕಿ ನೋಡಿದೆ. ನನ್ನ ಅಳತೆ ಯಾವಾಗ ತಗೊಂಡೆ?" ಎಂದ.

ಆಕೆಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ ಬಂದವು. "ನೀವಾದ್ರೂ ಬಾಯಿ ಬಿಡ್ಬಾರ್ದಿತ್ತಾ? ಗಿರಾಕಿ 'ಪರವಾಗಿಲ್ಲ' ಅಂದ್ರೆ ನಂಬಬಾರ್ದು, ಹೆಗಲು ನೋಡ್ಬೇಕು ಅಂತ ನನಗೆ ನಲವತ್ತು ವರ್ಷ ಪಾಠ ಹೇಳಿದವರು!"

"ಗಿರಾಕಿ ಆದ್ಮೇಲೆ ನಾನೂ ಗಿರಾಕೀನೇ" ಎಂದ ಆತ, ತಲೆ ತಗ್ಗಿಸಿ.

ಕಾರ್ಖಾನೆ ಮುಚ್ಚಿದಾಗ ತಲೆಗೊಂದರಂತೆ ಏನನ್ನಾದರೂ ಒಯ್ಯಬಹುದು ಎಂದಿದ್ದರು. ಉಳಿದವರು ಕುರ್ಚಿ, ಗಡಿಯಾರ ಹೊತ್ತರೆ ಈಕೆ ರೇಡಿಯೋ ತಪಾಸಣೆಗೆ ಬಳಸುತ್ತಿದ್ದ ಒಂದು ಹಳೆಯ ಯಂತ್ರವನ್ನು ತಂದಿದ್ದಳು. ಗುಂಡಿ ತಿರುಗಿಸಿದರೆ ದಪ್ಪ ಸ್ವರದಿಂದ ಕೀರಲು ಸ್ವರದ ತನಕ ಬೇಕಾದ ನಾದ ಹೊರಡಿಸುವ ಯಂತ್ರ. ಅದನ್ನು ಮಂಚದ ಕೆಳಗಿನಿಂದ ಎಳೆದಳು. ಗಂಡನನ್ನು ಮೇಜಿನ ಎದುರು ಕೂರಿಸಿ, ಹೆಡ್‌ಫೋನ್ ಹಾಕಿ, "ಕೇಳಿದ ತಕ್ಷಣ ಬೆರಳೆತ್ತಿ. ಕೇಳದೆ ಎತ್ತಿದ್ರೆ ಜೋಕೆ" ಎಂದಳು.

ಒಂದೊಂದೇ ಸ್ವರ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಆತ ಬೆರಳೆತ್ತಿದಲ್ಲೆಲ್ಲ ಆಕೆ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯಿಂದ ಆತ ಅಳತೆ ಗೀಚುವ ಕಂದು ಕಾಗದದ ಮೇಲೆ ಚುಕ್ಕೆ ಇಟ್ಟಳು. ಒಂದು ಸ್ವರಕ್ಕೆ ಆತ ಬೆರಳೆತ್ತಲೇ ಇಲ್ಲ. ಆಕೆ ಎಷ್ಟು ಜೋರು ಮಾಡಿದರೂ ಆತ ಅವಳನ್ನೇ ನೋಡುತ್ತಾ, ಬೆರಳನ್ನು ಮೊಣಕಾಲಿನ ಮೇಲೆ ಗಟ್ಟಿಯಾಗಿ ಒತ್ತಿಕೊಂಡು, ಸುಳ್ಳು ಹೇಳದೆ ಕೂತಿದ್ದ. ಅದು ಆತನಿಗೆ ಎಷ್ಟು ಕಷ್ಟವೆಂದು ಆಕೆಗೆ ಗೊತ್ತಿತ್ತು. ಅಲ್ಲೊಂದು ಖಾಲಿ ಜಾಗ ಬಿಟ್ಟಳು.

ಚುಕ್ಕೆ ಕೂಡಿಸಿದರೆ ಗೆರೆ ಸ್ವಲ್ಪ ದೂರ ಸಮನಾಗಿ ಸಾಗಿ, ಆಮೇಲೆ ಕಂಕುಳಿನ ಬಳಿ ಬಟ್ಟೆ ಕತ್ತರಿಸುವಂತೆ ಬಾಗಿ ಕೆಳಗಿಳಿದಿತ್ತು. ಎಡಗಿವಿಯ ಗೆರೆ ಇನ್ನೂ ಬೇಗ ಇಳಿದಿತ್ತು.

"ಎರಡು ತೋಳೂ ಒಂದೇ ಅಳತೆ ಇರಲ್ಲ ಅಂತ ನಿಂಗೆ ಅವತ್ತೇ ಹೇಳಿದ್ದೆ" ಎಂದ ಆತ ಬಗ್ಗಿ ನೋಡಿ.

"ಅವತ್ತು ನೀವು ಹೇಳಿದ್ದು ಬರೀ ಸುಳ್ಳು" ಎಂದಳು ಆಕೆ.

ಈ ಸಲ ಆಕೆ ಹಾಕಿದ್ದು ಹೆಸರಾದ ಭಾಗಗಳನ್ನಲ್ಲ. ಗೆರೆ ಎಲ್ಲಿ ಇಳಿದಿತ್ತೋ ಅಷ್ಟೇ ಸ್ವರಗಳನ್ನು ಮೇಲೆತ್ತುವಂತೆ, ಬಲಗಿವಿಗೊಂದು ಲೆಕ್ಕ, ಎಡಗಿವಿಗೊಂದು ಲೆಕ್ಕ ಮಾಡಿ, ಜೋಳದ ಕಾಳಿನಷ್ಟು ಕೆಪಾಸಿಟರ್‌ಗಳನ್ನೂ ರೆಸಿಸ್ಟರ್‌ಗಳನ್ನೂ ಬೆಸೆದಳು. ಒಂದನ್ನು ಹಾಕುವುದು, ಆತನ ಕಿವಿಗೆ ಕೊಡುವುದು, ಬಿಚ್ಚುವುದು. "ಇಲ್ಲ." "ಇಲ್ಲ." "ಕುಯ್ ಅಂತಿದೆ, ತೆಗಿ." ಇಷ್ಟು ಬೈಗುಳ ಆಕೆ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಒಂದೊಂದಕ್ಕೂ ಒಳಗೊಳಗೇ ಖುಷಿಪಟ್ಟಳು.

ಹನ್ನೊಂದನೆಯ ಸಲಕ್ಕೆ ಆಕೆ ಇನ್ನೂ "ಹೇಗಿದೆ" ಎಂದು ಕೇಳಿರಲಿಲ್ಲ. ಮೈಕು ಕೊರಳಪಟ್ಟಿಯಲ್ಲೇ ಇತ್ತು. ಬಗ್ಗಿ ಕಡ್ಡಿಯ ತುದಿ ಒರೆಸುತ್ತಿದ್ದಳು. ಆತ ಅಲುಗಾಡದೆ ಕೂತಿದ್ದವನು ಕೈಯೆತ್ತಿ, "ಶ್" ಎಂದ.

"ಏನ್ರೀ?"

"ನಿಲ್ಲಿಸ್ಬೇಡ್ವೇ. ಮೂಗಲ್ಲಿ ಹಾಡ್ತಿದ್ಯಲ್ಲ, ಹಾಡು." ಆತನ ಕಣ್ಣು ತುಂಬಿತ್ತು. "ಇಷ್ಟು ವರ್ಷ ಆಯ್ತು, ಅದೇ ರಾಗ. ಈಗ್ಲೂ ಅದೇ ಜಾಗದಲ್ಲಿ ತಪ್ತೀಯ."

ಆಮೇಲೆ ಮನೆಯಲ್ಲಿ ಆರು ವರ್ಷ ಮಾತು ನಡೆಯಿತು. ವರ್ಷಕ್ಕೊಮ್ಮೆ ಕಂದು ಕಾಗದ ಹಾಸಿ ಹೊಸ ಅಳತೆ, ಡಬ್ಬಿಯೊಳಗೆ ಹೊಸ ಕಾಳುಗಳು. ಗೆರೆ ಇಳಿಯುತ್ತಲೇ ಹೋಯಿತು, ಆಕೆ ಅದರ ಹಿಂದೆಯೇ ಹೋದಳು. ಹೇಳಿಕೊಳ್ಳುವಂಥ ಮಾತೇನಲ್ಲ ಅವು. ಉಪ್ಪು ಜಾಸ್ತಿಯಾಯಿತು, ಕೆಳಮನೆಯಾಕೆ ಹೊಸ ಚಪ್ಪಲಿ ತಂದಳು, ಇಂಥವೇ. ಯಾವುದೂ ಅಂಚು ಬಿಡದೆ ಆತನನ್ನು ಮುಟ್ಟಿತು.

ಏಳನೆಯ ವರ್ಷ ಆಕೆಯ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಆಸ್ಪತ್ರೆಯಿಂದ ಇಬ್ಬರು ಬಂದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಒಬ್ಬ ಮೈಕು ಬಿಚ್ಚಲು ಕೈ ಹಾಕಿದ. "ಅದು ಇರ್ಲಪ್ಪ" ಎಂದಳು. ಕುರ್ಚಿ ಮುಂದೆ, ಹತ್ತು ಮೊಳ ಹಿಂದೆ ಗಂಡ. ಕೆಳಮನೆಯಾಕೆ ತಂತಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ಯಾರ ಕಾಲಿಗೂ ಸಿಗದಂತೆ ಪಕ್ಕದಲ್ಲೇ ನಡೆದಳು. ಈ ಸಲ ಆಕೆ ನಗಲಿಲ್ಲ.

ಬಾಗಿಲ ಬಳಿ ಬಂದಾಗ ತಂತಿಯಮ್ಮ ಎಷ್ಟು ಮೆಲ್ಲಗೆ ಮಾತಾಡಿದಳೆಂದರೆ ಕುರ್ಚಿ ಹೊತ್ತವರಿಗೂ ಕೇಳಿಸಲಿಲ್ಲ.

"ಇಸ್ತ್ರಿಪೆಟ್ಟಿಗೆ ಆರಿಸಿದ್ರಾ?"

"ಆರಿಸ್ದೆ ಕಣೇ" ಎಂದ ಆತ ಹಿಂದಿನಿಂದ.

"ನಾನು ಹೇಳೋದು ಹೇಗೆ ಕೇಳ್ತಿದೆ? ನಿಜ ಹೇಳ್ಬೇಕು."

ಆತ ತಡೆದು ನಿಂತ. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೊತ್ತಿಕೊಂಡು ಪೂರ್ತಿ ಕೇಳಿದ.

"ಎಡಗಡೆ ಸ್ವಲ್ಪ ಕರಕರ ಅಂತಿದೆ" ಎಂದ.

ಆಕೆಯ ಮುಖ ಅರಳಿತು. "ಬೆಸುಗೆ ಬಿಟ್ಟಿರ್ಬೇಕು. ಬಂದು ನೋಡ್ತೀನಿ" ಎಂದಳು. ಕುರ್ಚಿ ಹೊಸಿಲು ದಾಟಿತು, ಆಕೆ ಕುರ್ಚಿಯಲ್ಲಿ ಕೂತೇ ಮೂಗಿನಲ್ಲಿ ಗುನುಗುತ್ತಾ ಮೆಟ್ಟಿಲಿಳಿದಳು, ತಂತಿಯ ಹಿಂದೆಯೇ ಆತ.