ಸೀಲಿಂಗಿನ ಮೇಲೆ ಉಳಿದಿದ್ದ ತಂತಿ

ಗಚ್ಚಿಬೌಲಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲಕ್ಕೆ ನಾನು ಆಫೀಸುಗಳಿಗೆ ಟೆಲಿಫೋನ್ ಕೇಬಲ್ ಎಳೆಯುತ್ತಿದ್ದೆ. ಓದಿದ್ದು ಏಳನೇ ಕ್ಲಾಸು, ಆದರೂ ಇಂಜಿನಿಯರುಗಳೇ ನನ್ನನ್ನು ಹುಡುಕಿಕೊಂಡು ಬರುತ್ತಿದ್ದರು.

ಒಂದು ಕಂಪನಿಯ ಮ್ಯಾನೇಜರ್ ಫೋನಿನಲ್ಲಿ ಆಡಿದ ಮಾತೆಲ್ಲ ಹೊರಗೆ ಹೋಗುತ್ತಿತ್ತು. ಪತ್ತೆ ಹಚ್ಚಲು ನನ್ನನ್ನು ಕರೆಸಿದರು. ಅನುಮಾನ ಬಿದ್ದದ್ದು ಟೆಲಿಫೋನ್ ಆಪರೇಟರ್ ಮೇಲೆ. ಆಕೆ ನಮ್ಮ ರಾಯಚೂರು ಕಡೆಯವಳು.

“ಅಣ್ಣಾ, ಛಲೋತ್ನಾಗ ನೋಡ್ರಿ. ನನ್ನ ನೌಕರಿ ನಿಮ್ಮ ಕೈಯಾಗ ಐತಿ,” ಎಂದಳು.

ಫೋನು ಬಿಚ್ಚಿಟ್ಟು ಮೀಟರ್ ಹಚ್ಚಿದೆ. ಖಾಲಿ ಲೈನಿನಲ್ಲಿ ಮುಳ್ಳು ಅಲುಗಬಾರದು, ಅಲುಗಿತು. ಎಲ್ಲೋ ಇನ್ನೊಂದು ಯಂತ್ರ ಕೂತಿತ್ತು. ದಿನವಿಡೀ ಫಾಲ್ಸ್ ಸೀಲಿಂಗಿನ ಧೂಳಿನಲ್ಲಿ ಕೇಬಲ್ ಹಿಡಿದು ತೆವಳಿದೆ. ಕೊನೆಗೆ ಒಂದು ಜೋಡಿ ತಂತಿ ಲೈನಿನಿಂದ ಕವಲೊಡೆದು ಸ್ಟೋರ್ ರೂಮಿಗೆ ಇಳಿದಿರುವುದು ಕಂಡಿತು. ಅದರ ತುದಿಗೆ, ಬೀರುವಿನ ಹಿಂದೆ, ಸಣ್ಣ ರೆಕಾರ್ಡರ್ ಇತ್ತು.

ತಂತಿ ಕೂಡಿಸಿ ಟೇಪು ಸುತ್ತಿದ ರೀತಿ ಮಾತ್ರ ನನ್ನದೇ. ಆಫೀಸು ಶುರುವಾದಾಗ ಟೆಸ್ಟಿಂಗಿಗೆಂದು ಎಳೆದದ್ದನ್ನು ಕತ್ತರಿಸದೆ ಬಿಟ್ಟಿದ್ದೆ. ಯಾರೋ ಅದನ್ನು ಬಳಸಿಕೊಂಡಿದ್ದರು.

“ಈ ತಂತಿ ಆಪರೇಟರೇ ಹಾಕಿಸಿರಬೇಕು,” ಎಂದ ಮ್ಯಾನೇಜರ್.

ಸುಮ್ಮನಿರಬಹುದಿತ್ತು. “ಇಲ್ಲ ಸಾಬ್, ಆಕೆ ಕೆಲಸಕ್ಕೆ ಸೇರೋಕೆ ಮುಂಚೆ ನಾನೇ ಎಳೆದದ್ದು. ತಪ್ಪು ನನ್ನದು,” ಎಂದೆ. ಇನ್ನು ಈ ಕಡೆ ಬರಬೇಡ ಎಂದ ಮ್ಯಾನೇಜರ್.

ಆಪರೇಟರ್ ಲಿಫ್ಟಿನವರೆಗೆ ಬಂದಳು. “ಅಲ್ರೀ ಅಣ್ಣಾ, ಯಾರು ಎಳದಾರೋ ಗೊತ್ತಿಲ್ಲ ಅನ್ನಬೇಕಿತ್ತಲ್ರಿ?”

“ಹೆಂಗ ಅನ್ನಲವ್ವಾ? ಅಷ್ಟು ಗಟ್ಟಿ ಜಾಯಿಂಟು ಈ ಊರಾಗ ಬ್ಯಾರೆ ಯಾರು ಹಾಕ್ತಾರ?”

ಆಕೆ ನಗುತ್ತಲೇ ಕಣ್ಣೊರೆಸಿಕೊಂಡು ತನ್ನ ಟೆಲಿಫೋನ್ ಬೋರ್ಡಿನ ಮುಂದೆ ಹೋಗಿ ಕೂತಳು. ನನಗೆ ನಗಲೂ ತ್ರಾಣವಿರಲಿಲ್ಲ.