ಎರಡು ಸಲ ಒತ್ತುವವನ ಬಿನ್ನವತ್ತಳೆ

ಹೊಸ್ತಿಲು ದಾಟುವಾಗ ತಪ್ಪದೆ ಬಲಗಾಲಿಡುವವರಿದ್ದಾರೆ. ನಾನು ಯಾವ ಗುಂಡಿಯನ್ನೇ ಆಗಲಿ ಎರಡು ಸಲ ಒತ್ತುವವನು. ಲಿಫ್ಟಿನದು, ಎಟಿಎಮ್ಮಿನದು, ತ್ಯಾಗರಾಜನಗರದ ನಮ್ಮ ಮನೆಯ ಕರೆಗಂಟೆಯದು, ಎಲ್ಲವೂ ನನ್ನಿಂದ ಎರಡೆರಡು ಏಟು ತಿಂದಿವೆ. ಇದು ದುರಭ್ಯಾಸವಲ್ಲ, ಸಂಸ್ಕಾರ. ಜಯನಗರದ ನಮ್ಮ ಕಚೇರಿಗೆ ಕಂಪ್ಯೂಟರು ಪದಾರ್ಪಣ ಮಾಡಿದಾಗ ತರಬೇತಿ ಕೊಡಲು ಬಂದ ಮಹನೀಯರು ಮೇಜು ಕುಟ್ಟಿ ಕುಟ್ಟಿ ಹೇಳಿದ್ದು ಒಂದೇ ಮಂತ್ರ: ಡಬಲ್ ಕ್ಲಿಕ್. ಉಪದೇಶ ಪಡೆದ ನಾನು ಅಂದಿನಿಂದ ಒಮ್ಮೆಗೇ ತೃಪ್ತನಾದವನಲ್ಲ.

ಆಗೆಲ್ಲ ಪರದೆಯ ನೆತ್ತಿಯಲ್ಲಿ ಫೈಲ್, ಎಡಿಟ್ ಎಂದು ಮರ್ಯಾದೆಯಾಗಿ ಅಕ್ಷರಗಳಲ್ಲಿ ಬರೆದಿರುತ್ತಿತ್ತು. ಆಮೇಲೆ ಯಾವ ಪುಣ್ಯಾತ್ಮನಿಗೆ ಏನು ಹೊಳೆಯಿತೋ, ಅಕ್ಷರಗಳ ಜಾಗಕ್ಕೆ ಚಿತ್ರಗಳು ಬಂದವು. ಹೊಸ ಆವೃತ್ತಿ ಬಂದಾಗಲೆಲ್ಲ ಆ ಚಿತ್ರಗಳೂ ಮನೆ ಬದಲಾಯಿಸಿದವು. ನೀವು ಊರಲ್ಲಿಲ್ಲದಾಗ ನೆಂಟರು ಬಂದು ಅಡುಗೆಮನೆ ಓರಣ ಮಾಡಿಟ್ಟರೆ ಸಾಸಿವೆ ಡಬ್ಬಿಯನ್ನು ಎಲ್ಲೆಂದು ಹುಡುಕುತ್ತೀರಿ, ಹೇಳಿ.

ನಮಗೆ ಹುಡುಕಿಕೊಡುತ್ತಿದ್ದವರು ವಿಭಾಗದ ವತ್ಸಲಾ ಮೇಡಂ. ಹನುಮಂತನಗರದಿಂದ ಬಸ್ಸಿನಲ್ಲಿ ಬರುವ, ಮಂಡಿನೋವಿನ ಈ ಮಹಾತಾಯಿ, ಯಾರು “ಮೇಡಂ, ಕಾಣಿಸ್ತಿಲ್ಲ” ಎಂದರೂ ಎದ್ದು ಬಂದು, ಕಾಣೆಯಾದದ್ದನ್ನು ತೋರಿಸಿ, ನಮ್ಮ ದಡ್ಡತನದ ವಿಚಾರವಾಗಿ ಚಕಾರವೆತ್ತದೆ ಹಿಂತಿರುಗುತ್ತಿದ್ದರು.

ಮೊನ್ನೆ ಅವರ ನಿವೃತ್ತಿ. ನಾಲ್ಕಕ್ಕೆ ಸಮಾರಂಭ, ಬಿನ್ನವತ್ತಳೆ ಬರೆದು ಓದುವ ಹೊಣೆ ನನ್ನದು, ಅದುವರೆಗೆ ಅವರಿಗೆ ಸುಳಿವು ಸಿಗಕೂಡದೆಂಬ ಕಟ್ಟಪ್ಪಣೆ ಬೇರೆ. ‘ಕರ್ತವ್ಯನಿಷ್ಠೆಯ ಸಾಕಾರಮೂರ್ತಿಯೇ’ ಎಂದಾರಂಭಿಸಿ ಪುಟದ ತುಂಬ ಸಮಾಸಗಳನ್ನು ಹೆಣೆದು, ಅವರ ಹೆಸರನ್ನು ದಪ್ಪಕ್ಷರ ಮಾಡೋಣವೆಂದು ಪರದೆಯ ನೆತ್ತಿಯಲ್ಲಿ ಇನ್ನೂ ಅಕ್ಷರದಲ್ಲೇ ಉಳಿದಿರುವ ‘ಹೋಮ್’ ಅನ್ನು ಯಥಾಪ್ರಕಾರ ಎರಡು ಸಲ ಒತ್ತಿದೆ. ಅದರ ಕೆಳಗಿನ ಚಿತ್ರಗುಂಡಿಗಳ ಪಟ್ಟಿಗೆ ಪಟ್ಟಿಯೇ ಮಾಯ! ಇನ್ನೇನಾದರೂ ಮುಟ್ಟಿದರೆ ಬಿನ್ನವತ್ತಳೆಯೂ ಹೋದೀತೆಂಬ ಭಯ. ಇದು ವಾರಕ್ಕೊಮ್ಮೆ ಆಗುವ ಅನಾಹುತವೇ. ಅವರು ಬಂದು ಸರಿಮಾಡುವಾಗ ಹೇಗೆಂದು ಒಂದು ದಿನವೂ ನಾನು ನೋಡಿರಲಿಲ್ಲ. ಗಡಿಯಾರ ಮೂರೂವರೆ ತೋರಿಸಿತು. ಕೇಳಬಹುದಾದವರು ಒಬ್ಬರೇ, ಕೇಳಬಾರದವರೂ ಅವರೇ.

ಕರೆದೆ. ಎದ್ದು ಬಂದರು. ಪರದೆಯ ಮೇಲೆ ತಮ್ಮ ಹೆಸರು ಕಂಡು, ಪೂರ್ತಿ ಓದಿ ನಕ್ಕರು.

“ಇಷ್ಟೆಲ್ಲ ನಾನಲ್ಲ ಬಿಡಿ ಸಾರ್. ಹೋಮ್ ಮೇಲೆ ಇನ್ನೊಂದ್ಸಲ ಡಬಲ್ ಕ್ಲಿಕ್ ಮಾಡಿ, ಬರತ್ತೆ.”

ಮಾಡಿದೆ, ಬಂತು.

“ನಾಳೆಯಿಂದ ನೀವೇ ಮಾಡ್ಕೋಬೇಕಲ್ಲ. ಇನ್ನೊಂದ್ಸಲ ಮಾಡಿ ತೋರ್ಸಿ, ನೋಡ್ತೀನಿ” ಎಂದು, ಮಂಡಿ ನೋಯುತ್ತಿದ್ದರೂ ಪಕ್ಕದಲ್ಲೇ ನಿಂತರು. ನನಗೆ ನಾಚಿಕೆಯೂ ಕೃತಜ್ಞತೆಯೂ ಒಟ್ಟಿಗೆ ಉಕ್ಕಿದವು. ಅವರು ಹೋದ ಮೇಲೆ ಸಮಾಸಗಳನ್ನೆಲ್ಲ ಅಳಿಸಿದೆ.

ನಾಲ್ಕಕ್ಕೆ ನಾನು ಓದಿದ್ದು ಇಷ್ಟೇ: “ಮೇಡಂ, ನಾವು ಕರೆದಾಗಲೆಲ್ಲ ನೀವು ಎದ್ದು ಬಂದಿರಿ. ಇಂದು ನೀವು ಕೂತೇ ಇರಿ, ನಾವು ಎದ್ದು ನಿಲ್ಲುತ್ತೇವೆ.”

ವಿಭಾಗಕ್ಕೆ ವಿಭಾಗವೇ ಎದ್ದು ನಿಂತಿತು. ಅಭ್ಯಾಸಬಲದಿಂದ ವತ್ಸಲಾ ಮೇಡಂ ಕೂಡ ಏಳಹೊರಟರು. “ಕೂತ್ಕೊಳ್ಳಿ ಮೇಡಂ!” ಎಂದೆವು, ಎಲ್ಲರೂ ಒಟ್ಟಿಗೆ.