ಗುಲಾಬಿ ಬಣ್ಣದಡಿಯ ನಂಬರು

ಕಪ್ಪು ಬಣ್ಣ ಎದ್ದುಹೋಯಿತು. ಅದರಡಿ ಹಸಿರು, ಹಸಿರಿನಡಿ ನೀಲಿ. ಬಾಗಲೂರಿನ ಸೈಕಲ್ ಶಾಪಿನ ಮುನಿಯಪ್ಪನವರು ತೀರಿಕೊಂಡ ನನ್ನ ಅಪ್ಪನ ಹಳೆಯ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಪೆಡಲಿನ ಬುಡ ಕೆರೆಯುತ್ತಿದ್ದರು.

“ಪೆಡಲ್ ಹಿಂದಕ್ ತುಳಿದ್ರೆ ಬ್ರೇಕ್ ಹಿಡೀತದೆ, ಅಮೆರಿಕಾದ್ದಿರ್ಬೇಕು ಕಣಮ್ಮ. ಕಂಪ್ನಿ, ವರ್ಷ ಗೊತ್ತಾಗ್ಬೇಕಂದ್ರೆ ಇಲ್ಲಿ ಹೊಡ್ದಿರೋ ನಂಬರ್ ಸಿಗ್ಬೇಕು,” ಎಂದಿದ್ದರು. ಪ್ರತಿ ಆಯುಧಪೂಜೆಗೂ ಅಪ್ಪ ಹಳೆಯ ಬಣ್ಣದ ಮೇಲೆಯೇ ಹೊಸದನ್ನು ಬಳಿಯುತ್ತಿದ್ದರು. ನಂಬರು ಅಷ್ಟೂ ಹಬ್ಬಗಳ ಕೆಳಗೆ ಹೂತುಹೋಗಿತ್ತು.

ನೀಲಿಯಡಿಯ ಇನ್ನೂ ಹತ್ತಾರು ಪದರ ಕೆರೆದ ಮೇಲೆ ಗುಲಾಬಿ ಇಣುಕಿತು. ಮುನಿಯಪ್ಪನವರು ನಕ್ಕುಬಿಟ್ಟರು. “ಯಾರಮ್ಮ ಇದುಕ್ಕೆ ಈ ಬಣ್ಣ ಹೊಡ್ದಿದ್ದು?”

ಒಂದನೇ ಕ್ಲಾಸಿನಲ್ಲಿದ್ದಾಗ ಹಟ ಹಿಡಿದು ಆ ಬಣ್ಣ ಹೊಡೆಸಿದವಳು ನಾನೇ. ಇಡೀ ವರ್ಷ ಅಪ್ಪ ಆ ಗುಲಾಬಿ ಸೈಕಲ್ಲಿನಲ್ಲೇ ಮೂಕಂಡಪಲ್ಲಿಯ ಫ್ಯಾಕ್ಟರಿಗೆ ಹೋಗಿಬಂದಿದ್ದರು. ಜೊತೆಯವರು ಎಷ್ಟು ನಕ್ಕಿದ್ದರೋ, ಮನೆಯಲ್ಲಿ ಒಂದು ದಿನವೂ ಹೇಳಲಿಲ್ಲ. ನಾನಂತೂ ಮರೆತೇಬಿಟ್ಟಿದ್ದೆ.

ಈ ಗುಲಾಬಿಯನ್ನೂ ಕೆರೆದರೆ ನಂಬರು ಸಿಗುತ್ತದೆ ಎಂದು ಮುನಿಯಪ್ಪನವರು ಮತ್ತೆ ಬ್ಲೇಡು ಎತ್ತಿಕೊಂಡರು. ಸಾಕು ಬಿಡಿ ಎಂದೆ.

ಸೈಕಲ್ಲು ಯಾವ ಕಂಪನಿಯದು, ಎಷ್ಟು ಹಳೆಯದು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಈ ಸಲದ ಆಯುಧಪೂಜೆಗೆ ಅದನ್ನು ತೊಳೆದೆ, ಬಣ್ಣ ಬಳಿಯಲಿಲ್ಲ. ನೆಲಕ್ಕೆ ಬಗ್ಗಿ, ಆ ಗುಲಾಬಿ ಚೂರಿಗೇ ಕುಂಕುಮ ಇಟ್ಟೆ.